ಮೂರನೆಯ ಉತ್ತರ

"ನನ್ನ ಮಗಳನ್ನ ಯಾಕಪ್ಪಾ ಸಾಯಿಸ್ತಿದೀರಾ?" ಎಂದಿತು ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ.

ವಸತಿ ಶಾಲೆಯ ಅರ್ಜಿಯ ಪುಟವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವುದು ಫೋನು ಎತ್ತಿದವನ ಕೆಲಸ. ಜನರ ದೂರು ಕೇಳುವುದಲ್ಲ. ಆದರೆ ಕೇಳಬೇಕಾದವಳು ರಜೆ ಹಾಕಿದ್ದಳು, ಫೋನು ಇವನ ತಲೆಗೆ ಬಿದ್ದಿತ್ತು. ಬೆಳಗಿನಿಂದ ಮಾತಾಡಿ ಮಾತಾಡಿ ಸಾಕಾಗಿಹೋಗಿತ್ತು. ಅರ್ಜಿ ಹಾಕಲು ಸಂಜೆ ಐದೇ ಕೊನೆ. ಆಗಲೇ ನಾಲ್ಕು ದಾಟಿತ್ತು.

"ಏನಾಯ್ತಮ್ಮ, ನಿಧಾನಕ್ಕೆ ಹೇಳಿ."

"ಮೊಮ್ಮಗಳಿಗೆ ಅರ್ಜಿ ತುಂಬ್ತಿದೀನಿ. ತಾಯಿ ಇದ್ದಾರಾ ಅಂತ ಕೇಳುತ್ತೆ. ಹೌದು ಅಂದ್ರೆ ಅವಳ ಸಹಿ ಬೇಕಂತೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ, ಏನೂ ಒತ್ತದೆ ಕಳಿಸ್ದೆ. ಮರಣ ಪ್ರಮಾಣಪತ್ರದ ನಂಬರ್ ಕೊಡಿ ಅಂತ ಕೆಂಪಕ್ಷರದಲ್ಲಿ ವಾಪಸ್ ಬಂತು. ಅವಳು ಮನೆ ಬಿಟ್ಟು ಮೂರು ವರ್ಷ ಆಯ್ತಪ್ಪ. ಎಲ್ಲಿದಾಳೋ, ಹೇಗಿದಾಳೋ. ಸತ್ತಳು ಅಂತ ನನ್ನ ಕೈಯಾರೆ ಬರೀಲಾ?"

ಅವನು ಕಂಪ್ಯೂಟರಿನಲ್ಲಿ ಆ ಪ್ರಶ್ನೆಯ ಕಡತ ತೆರೆದ. ಹನ್ನೊಂದು ವರ್ಷದಿಂದ ಬರೆಯುತ್ತ ಬಂದಂಥದೇ ಸಾಲು: ಉತ್ತರ 'ಹೌದು' ಆದರೆ ಸಹಿಯ ಖಾನೆ ತೋರಿಸು, ಅಲ್ಲದಿದ್ದರೆ ಮರಣ ಪ್ರಮಾಣಪತ್ರದ ಖಾನೆ. ಅರ್ಜಿ ಬಂದೊಡನೆ ಸರ್ವರ್ ಈ ಸಾಲನ್ನು ಓದಿ, ಪುಟವನ್ನು ಹೊಸದಾಗಿ ಕಟ್ಟಿ ಕಳಿಸುತ್ತದೆ. ಏನೂ ಹೇಳದೆ ಸುಮ್ಮನಿದ್ದವರೂ 'ಅಲ್ಲದಿದ್ದರೆ'ಯ ಪಾಲಿಗೇ ಬೀಳುತ್ತಾರೆಂಬುದು ಈ ಮಹಾಶಯನಿಗೆ ಹೊಳೆದೇ ಇರಲಿಲ್ಲ. ಇನ್ನೆಷ್ಟು ತಾಯಂದಿರನ್ನು ಹೀಗೆ ಕೊಂದಿದ್ದೇನೋ ಎಂದು ನಾಚಿಕೆಯಾಯಿತು.

ತಿರುಗಿ ಫೋನ್ ಮಾಡ್ತೀನಿ ಎಂದು ಅಜ್ಜಿಗೆ ಹೇಳಿ, ಈಗಲೇ ತಿದ್ದಲೇ ಎಂದು ಹೋಗಿ ಕೇಳಿದರೆ ಮೇಲಧಿಕಾರಿ ತಲೆಯೆತ್ತಲಿಲ್ಲ. "ಕೊನೇ ಗಳಿಗೇಲಿ ಕೈ ಹಾಕ್ಬೇಡಿ. ಎಲ್ಲರ ಅರ್ಜಿನೂ ನಿಂತುಹೋದ್ರೆ ಯಾರ ಕೆಲಸ ಹೋಗುತ್ತೆ?"

"ನಂದೇ ಸರ್," ಎಂದು ಬಂದು ಕೂತ.

'ಗೊತ್ತಿಲ್ಲ' ಎಂಬ ಮೂರನೆಯ ಉತ್ತರ ಸೇರಿಸಿದ. ಅದನ್ನು ಒತ್ತಿದರೆ ಯಾವ ಖಾನೆಯೂ ತೆರೆಯದು. ಅರ್ಜಿ ತುಂಬಿದವರ ಸಹಿಯೊಂದೇ ಸಾಕು. ಸುಳ್ಳು ಹೆಸರಿನಲ್ಲಿ ಎರಡು ಸಲ ತುಂಬಿ ನೋಡಿದ. ಐದಕ್ಕೆ ಎಂಟು ನಿಮಿಷವಿರುವಾಗ ಅಜ್ಜಿಗೆ ಫೋನ್ ಮಾಡಿ, ಪುಟವನ್ನು ಮತ್ತೆ ತೆರೆಯಲು ಹೇಳಿ, ಕಾದ.

"ಅರ್ಜಿ ಹೋಯ್ತಪ್ಪಾ," ಎಂದಳು ಅಜ್ಜಿ. ಆಮೇಲೆ ತಡೆದು ಕೇಳಿದಳು: "ಅವಳು ವಾಪಸ್ ಬಂದ್ರೆ ಇದನ್ನ ತಿದ್ದಬಹುದಾ?"

ಒಮ್ಮೆ ಕಳಿಸಿದ ಅರ್ಜಿಯನ್ನು ತಿದ್ದುವ ಪುಟವನ್ನು ಅವನು ಮಾಡಿಯೇ ಇರಲಿಲ್ಲ.

"ತಿದ್ದಬಹುದಮ್ಮ."

ಐದಾಯಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಅವನೂ ಎದ್ದು ಚೀಲ ಹೆಗಲಿಗೇರಿಸಿದವನು, ಅದನ್ನು ಇಳಿಸಿ ಮತ್ತೆ ಕೂತ. ಖಾಲಿ ಪುಟವೊಂದನ್ನು ತೆರೆದು ಮೊದಲ ಸಾಲು ಬರೆದ: ತಾಯಿ ಬಂದರೆ.