ಹಿಂದಲೆಯ ಹಲಗೆಗಳು

ಬೀದಿಯ ಮೂಲೆಯ ಕಟಿಂಗ್ ಅಂಗಡಿಯವನಿಗೆ ಮೌನಿ ಎಂಬ ಅಡ್ಡಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಕ್ಷೌರದಂಗಡಿ ಇಟ್ಟುಕೊಂಡೂ ಬಾಯಿ ಬಿಡದ ಮನುಷ್ಯ ಇವನೊಬ್ಬನೇ ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಕೂತವರು ಮಂಡಿನೋವು, ಬಾಡಿಗೆ ಮನೆ, ಸೊಸೆಯ ದೂರು ಎಲ್ಲವನ್ನೂ ತೋಡಿಕೊಂಡು, ಉತ್ತರವನ್ನೂ ತಾವೇ ಹೇಳಿಕೊಂಡು ಎದ್ದುಹೋಗುತ್ತಿದ್ದರು. ಮೌನಿ ನಡುನಡುವೆ "ಹೂಂ" ಎನ್ನುತ್ತಿದ್ದ. ತಲೆ ಬಗ್ಗಿಸಬೇಕಾದಾಗ "ಸ್ವಲ್ಪ" ಎನ್ನುತ್ತಿದ್ದ. ಮಿಕ್ಕಿದ್ದೆಲ್ಲ ಕತ್ತರಿಯ ಮಾತು.

ಅಂಥವನು ವಾರದ ರಜೆಯ ದಿನ ಕಂಕುಳಲ್ಲಿ ಒಂದು ಪೊಟ್ಟಣ ಅವುಚಿಕೊಂಡು ಭಾವನ ಮರಗೆಲಸದ ಶೆಡ್ಡಿಗೆ ಬಂದ. ಭಾವ ಅಂದರೆ ಅವನ ಅಕ್ಕನ ಗಂಡ. ಬಾಗಿಲು, ಮಂಚ, ಬೀರು ಮಾಡುವ ಬಡಗಿ. ಮೌನಿ ಆಡದ ಮಾತುಗಳನ್ನೆಲ್ಲ ಸೇರಿಸಿ ಆಡುವ ಮನುಷ್ಯ.

"ಏನಪ್ಪ ಭಾಮೈದ, ದಾರಿ ತಪ್ಪಿ ಬಂದ್ಯಾ?"

ಮೌನಿ ಪೊಟ್ಟಣ ಬಿಚ್ಚಿದ. ಒಳಗೆ ಅಂಗೈಯಗಲದ ಮೂರು ಮರದ ತುಂಡುಗಳಿದ್ದವು. ಅಂಚುಗಳೆಲ್ಲ ಇಲಿ ಕಡಿದಂತಿದ್ದವು. ಒಂದಂತೂ ಯಾವ ಕಡೆಯಿಂದ ನೋಡಿದರೂ ಚೌಕವಾಗಲು ಒಪ್ಪುತ್ತಿರಲಿಲ್ಲ.

ಭಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಇದನ್ನ ಕತ್ತರಿಸಿದ್ದು ಯಾವುದರಲ್ಲಿ? ಬಾಚಣಿಗೇಲಾ?"

"ಕಬ್ಬಿಣ ಕುಯ್ಯೋ ಬ್ಲೇಡಲ್ಲಿ."

"ಊರವರ ಕಿವಿಗಳು ಇನ್ನೂ ಜಾಗದಲ್ಲಿವೆಯಲ್ಲ, ಅದೇ ದೊಡ್ಡದು."

ಮೌನಿ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ. ನಾಲ್ಕಿಂಚು ಅಗಲ, ಐದಿಂಚು ಉದ್ದ, ಕಾಲಿಂಚು ದಪ್ಪ, ಹನ್ನೆರಡು ಹಲಗೆ. ಎಲ್ಲವೂ ಒಂದೇ ಅಳತೆಯವು ಆಗಬೇಕು, ನುಣುಪಾಗಿರಬೇಕು.

"ಯಾತಕ್ಕೆ?"

"ಬೇಕಿತ್ತು."

"ಗುಬ್ಬಚ್ಚಿಗೆ ಮನೆ ಕಟ್ಟಿಸ್ತೀಯಾ? ಗೊಂಬೆಗೆ ತರಕಾರಿ ಹೆಚ್ಚೋ ಮಣೆಯಾ?"

"ಹಾಗೇ ಒಂದು ಹವ್ಯಾಸ, ಭಾವ."

ಹವ್ಯಾಸ ಎಂಬ ಮಾತನ್ನು ಭಾಮೈದನ ಬಾಯಲ್ಲಿ ಕೇಳಿ ಭಾವನಿಗೆ ತಮಾಷೆಯೆನಿಸಿತು. ನಾಲ್ಕು ತಿಂಗಳಿನಿಂದ ಒಂದು ಬೀರುವಿನ ಗಿರಾಕಿ ದಿನಾ ಫೋನು ಮಾಡುತ್ತಿದ್ದ. ಆ ಕೆಲಸವನ್ನು ಆರಾಮವಾಗಿ ಬದಿಗಿಟ್ಟು ಭಾವ ಎದ್ದ. ಮೂಲೆಯ ರಾಶಿಯಲ್ಲಿ ಹುಡುಕಿ, ಹಳೆಯ ಕಪಾಟಿನ ಬೆನ್ನಿನದೊಂದು ತೆಳು ಪಟ್ಟಿ ಎಳೆದ. ಅಗಲ ಸರಿಯಾಗಿ ನಾಲ್ಕಿಂಚು ಬರುವಂತೆ ಉಜ್ಜುಗೊರಡು ಹಾಕಿದ. ಉದ್ದ ಐದಡಿ ಇತ್ತು.

"ಅರುವತ್ತು ಇಂಚು," ಎಂದ ಮೌನಿ ಸಮಾಧಾನದಿಂದ. "ಐದೈದರಂತೆ ಸರಿಯಾಗಿ ಹನ್ನೆರಡು."

"ಹೌದಾ? ಹಾಗಾದ್ರೆ ನೀನೇ ಗುರುತು ಹಾಕು."

ಮೌನಿ ಪೆನ್ಸಿಲು ತಗೊಂಡು ಐದಿಂಚಿಗೊಂದು ಗೆರೆ ಎಳೆದ. ಗೆರೆ ಕೂದಲೆಳೆಯಷ್ಟು ಸಣ್ಣಗಿತ್ತು, ಒಂದೂ ಸೊಟ್ಟಗಿರಲಿಲ್ಲ. ಭಾವ ಅವನ್ನು ಮೆಚ್ಚಿಕೊಂಡೇ ನೋಡಿ, ಗರಗಸದ ಮೆಷಿನ್ ಮೇಲೆ ಐದಿಂಚಿಗೆ ಸರಿಯಾಗಿ ಒಂದು ತಡೆಗಟ್ಟೆ ಬಿಗಿದ. ಪಟ್ಟಿಯ ತುದಿ ಅದಕ್ಕೆ ತಾಗಿದರೆ ಸಾಕು, ಪ್ರತಿ ತುಂಡೂ ಒಂದೇ ಅಳತೆ ಬರುತ್ತದೆ. ಮೌನಿ ಹತ್ತಿರ ಬಂದು ಪಟ್ಟಿಗೆ ಕೈ ಹಾಕಿದ.

"ಕೈ ಅಲ್ಲ, ಕೋಲು. ಕೋಲಲ್ಲಿ ತಳ್ಳು. ನಿನ್ನ ಬೆರಳು ಹೋದ್ರೆ ನನ್ನ ಗಡ್ಡ ನಿಮ್ಮಕ್ಕ ಕೆರೀತಾಳಾ?"

ಹನ್ನೊಂದು ಹಲಗೆಗಳು ಚೆನ್ನಾಗಿ ಬಿದ್ದವು. ಹನ್ನೆರಡನೆಯದು ಮೋಟಾಗಿತ್ತು. ಅಳೆದು ನೋಡಿದರೆ ಹತ್ತಿರ ಹತ್ತಿರ ಒಂದೂವರೆ ಇಂಚು ಕಡಿಮೆ. ಮೌನಿ ಟೇಪನ್ನು ತಿರುಗಿಸಿ ಇನ್ನೊಂದು ಸಲ ಹಿಡಿದ. ತಪ್ಪು ಟೇಪಿನದಲ್ಲ.

"ಎಲ್ಲಿ ಹೋಯ್ತು?"

ಭಾವ ನೆಲದ ಮೇಲಿನ ಹೊಟ್ಟಿನತ್ತ ಬೆರಳು ತೋರಿಸಿದ. "ಒಂದೊಂದು ಸಲ ಕುಯ್ದಾಗಲೂ ಗರಗಸ ತನ್ನ ದಪ್ಪದಷ್ಟು ತಿನ್ನುತ್ತೆ. ಹನ್ನೊಂದು ಸಲ ತಿಂತು. ನಿನ್ನ ಲೆಕ್ಕದಲ್ಲಿ ಅದು ಉಪವಾಸ ಇತ್ತು."

"ಮೊದಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಹೂಂ ಅಂತಿದ್ದೆ. ಈಗ ಒಂದು ಇಡೀ ವಾಕ್ಯ ಮಾತಾಡಿದೆ."

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಮನೆ ಶೆಡ್ಡಿನ ಹಿಂದೆಯೇ ಇತ್ತು. ಗಂಡ ಉಪ್ಪುಕಾಗದದಲ್ಲಿ ಅಂಗೈಯಗಲದ ಹಲಗೆ ಉಜ್ಜುತ್ತ ಕೂತದ್ದನ್ನೂ, ತಮ್ಮ ಮೂಗಿನ ಮೇಲೆ ಹೊಟ್ಟು ಮೆತ್ತಿಕೊಂಡು ಇನ್ನೊಂದನ್ನು ಉಜ್ಜುತ್ತಿದ್ದುದನ್ನೂ ನೋಡಿದಳು.

"ಬೀರುವಿನವರು ಮತ್ತೆ ಫೋನ್ ಮಾಡಿದ್ರು ರೀ. ಏನು ಹೇಳಲಿ? ಯಜಮಾನರು ಮನೆಮನೆ ಆಟ ಆಡ್ತಿದಾರೆ ಅನ್ನಲಾ?"

ಮೌನಿ ಹನ್ನೊಂದನ್ನೂ ಬಟ್ಟೆಯಲ್ಲಿ ಸುತ್ತಿಕೊಂಡ. ಮೋಟು ಹಲಗೆಯನ್ನು ಭಾವ ಒಲೆಗೆಂದು ಬದಿಗೆಸೆದಿದ್ದ. ಅದನ್ನೂ ಆರಿಸಿಕೊಂಡು ಹೋದ.

ಮುಂದಿನ ಎರಡು ವಾರ ಭಾವನಿಗೆ ಊಟ ಸೇರಲಿಲ್ಲ ಎನ್ನಲಾರೆವು, ಚೆನ್ನಾಗಿಯೇ ಸೇರಿತು. ಆದರೆ ತುತ್ತಿಗೊಮ್ಮೆ "ಅಲ್ವೇ, ಯಾತಕ್ಕಿರಬಹುದು?" ಎಂದು ಹೆಂಡತಿಯನ್ನು ಕೇಳಿದ. ತಮ್ಮನ ಹೊಟ್ಟೆಯೊಳಗಿನದನ್ನು ತೆಗೆಯುವುದು ತನ್ನಿಂದಲೂ ಆಗದ ಕೆಲಸ ಎಂದು ಅವಳು ಕೈ ಚೆಲ್ಲಿದಳು. ಕೊನೆಗೆ ಭಾವ ಇನ್ನೂ ಬೆಳೆಯದ ಕೂದಲನ್ನು ನೆಪ ಮಾಡಿಕೊಂಡು ಅಂಗಡಿಗೆ ಹೋದ.

ಮಧ್ಯಾಹ್ನದ ಹೊತ್ತು. ಗಿರಾಕಿಗಳಿರಲಿಲ್ಲ. ಮೌನಿ ಕನ್ನಡಿಗೆ ಬೆನ್ನು ಹಾಕಿ, ಮಡಿಲಲ್ಲಿ ಹಲಗೆಯಿಟ್ಟುಕೊಂಡು, ನಾಲ್ಕೇ ಎಳೆ ಉಳಿದಿದ್ದ ಕುಂಚದಲ್ಲಿ ಏನೋ ತೀಡುತ್ತಿದ್ದ. ಭಾವನನ್ನು ಕಂಡು ಮುಚ್ಚಿಡಲು ಹೋದ. ಬಣ್ಣ ಹಸಿಯಿತ್ತು, ಮುಚ್ಚಿಡುವಂತಿರಲಿಲ್ಲ.

ಭಾವ ಬಗ್ಗಿ ನೋಡಿದ. ಹಲಗೆಯ ತುಂಬ ಒಂದು ತಲೆಯ ಹಿಂಭಾಗ. ಮುಖವಿಲ್ಲ, ಹೆಸರಿಲ್ಲ. ಕುತ್ತಿಗೆ, ಕಿವಿಗಳ ಹಿಂಬದಿ, ಕೂದಲು, ಅಷ್ಟೇ. ಗೋಡೆಗೊರಗಿಸಿದ್ದ ಉಳಿದ ಹಲಗೆಗಳಲ್ಲೂ ಅದೇ.

"ಇದೇನೋ ಇದು?"

ಮೌನಿ ಕುಂಚ ಒರೆಸಿದ. ಮುಖ ಕೆಂಪಗಾಯಿತು. "ನಾನು ನೋಡೋದು ಇದನ್ನೇ ಅಲ್ವಾ ಭಾವ. ಕಾಗದದ ಮೇಲೆ ಬರೆದ್ರೆ ಇಲ್ಲಿನ ನೀರಿಗೆ, ಬಿಸಿಗೆ ಸುರುಳಿ ಸುತ್ತುತ್ತೆ. ಅದಕ್ಕೇ ಹಲಗೆ."

ಭಾವ ಗೇಲಿ ಮಾಡಲು ಬಾಯಿ ತೆರೆದ. ಆದರೆ ಕಣ್ಣು ಮೊದಲ ಹಲಗೆಯ ಮೇಲೆ ಬಿತ್ತು. ಎರಡು ಸುಳಿ, ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿಗೆ. "ಲೆಕ್ಕದ ಮೇಷ್ಟ್ರು," ಎಂದ. ಕುತ್ತಿಗೆಯಲ್ಲಿ ಮೂರು ಮಡಿಕೆಯಿದ್ದದ್ದು ಔಷಧಿ ಅಂಗಡಿಯವರು. ಎಡಗಿವಿ ಆಚೆ ಚಾಚಿಕೊಂಡಿದ್ದದ್ದು ಬಸ್ಸಿನ ಡ್ರೈವರು. ಜೀವಮಾನವೆಲ್ಲ ಕಂಡಕ್ಟರನ ಸೀಟಿ ಆಲಿಸಿ ಆಲಿಸಿ ಹಾಗಾಗಿದೆ ಎಂದು ಭಾವ ಕಾರಣವನ್ನೂ ಕೊಟ್ಟ. ಒಬ್ಬೊಬ್ಬರನ್ನೂ ಗುರುತು ಹಿಡಿಯುತ್ತ ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದ.

ಆಮೇಲೆ ಮೋಟು ಹಲಗೆ ಕೈಗೆ ಸಿಕ್ಕಿತು. ಗಿಡ್ಡ ಕುತ್ತಿಗೆ, ಅಗಲ ಭುಜ. ನಡುನೆತ್ತಿಯ ಹಿಂದೆ ಲೋಟದ ಬಾಯಷ್ಟಗಲ ಬೋಳು.

"ಇವರು ಯಾರು?"

"ಗೊತ್ತಾಗಲಿಲ್ವಾ?"

"ಇಲ್ಲ. ಪಾಪ, ವಯಸ್ಸಾಗಿದೆ. ಒಳ್ಳೆ ಮನುಷ್ಯನ ಹಾಗೆ ಕಾಣ್ತಾರೆ."

ಮೌನಿ ಸೋಪಿನ ಬಟ್ಟಲನ್ನು ತೊಳೆಯತೊಡಗಿದ. ಅದು ಆಗಲೇ ತೊಳೆದಿತ್ತು. "ಇರಲಿ ಬಿಡಿ ಭಾವ, ಯಾರೋ ಗಿರಾಕಿ."

ಗೊತ್ತಾಗದ್ದನ್ನು ಬಿಟ್ಟುಹೋಗುವ ಜಾತಿಯಲ್ಲ ಭಾವ. ಹಲಗೆಯನ್ನು ಜೇಬಿಗೆ ಹಾಕಿಕೊಂಡ. "ನಿಮ್ಮಕ್ಕನಿಗೆ ತೋರಿಸ್ತೀನಿ. ಅವಳು ನೆರಳು ನೋಡಿ ಹೆಸರು ಹೇಳ್ತಾಳೆ."

ಅಕ್ಕ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹಲಗೆಯನ್ನು ಒಂದು ಸಲ ನೋಡಿದಳು, ಗಂಡನನ್ನು ಒಂದು ಸಲ ನೋಡಿದಳು. ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆಯೇ ಮಾತು ಹೊರಟಿತು.

"ಇದು ನೀವೇ ಕಣ್ರೀ."

"ನಾನಾ? ನನಗೆಲ್ಲಿದೆ ಬೋಳು?"

"ಅಲ್ಲೇ ಇದೆ."

ಭಾವ ಕೈಯನ್ನು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದ. ಮುಟ್ಟಿದ. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. "ಕಟಿಂಗ್ ಆದ್ಮೇಲೆ ಪ್ರತಿ ಸಲ ಹಿಂದಿನ ಕನ್ನಡಿ ಹಿಡೀತಾನಲ್ಲ ನಿನ್ನ ತಮ್ಮ. ನನಗೆ ಕುತ್ತಿಗೆ ಬಿಟ್ರೆ ಏನೂ ಕಂಡಿಲ್ಲ."

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಕೆಳಗೆ ಬಗ್ಗಿಸಿ ಹಿಡಿ ಅಂತ ನಾನೇ ಹೇಳಿದ್ದೆ. ಆರು ವರ್ಷ ಆಯ್ತು. ಆಗ ನಿಮಗೆ ಕೆಲಸ ಇರಲಿಲ್ಲ, ಮುಖ ಇಷ್ಟು ಮಾಡ್ಕೊಂಡು ಕೂರ್ತಿದ್ರಿ. ಅದರ ಮೇಲೆ ಇದೂ ಯಾಕೆ ಅಂತ. ಆಮೇಲೆ ಹೇಳೋಕೆ ಮರೆತೇಹೋಯ್ತು."

ಭಾವ ಎರಡು ದಿನ ಸಿಟ್ಟಿನಲ್ಲಿದ್ದ. ಹೆಂಡತಿಯ ಮೇಲೆ ಒಂದು ಹೊತ್ತು, ಉಳಿದದ್ದೆಲ್ಲ ಭಾಮೈದನ ಮೇಲೆ. ಮೂರನೆಯ ದಿನ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ.

"ಕನ್ನಡಿ ನೆಟ್ಟಗೆ ಹಿಡಿ."

ಮೌನಿ ಹಿಡಿದ. ಭಾವ ಎದುರಿನ ಕನ್ನಡಿಯನ್ನೂ ಜೇಬಿನಿಂದ ತೆಗೆದ ಮೋಟು ಹಲಗೆಯನ್ನೂ ಬಾಗಿಲಿನ ಚೌಕಟ್ಟು ಒಪ್ಪಿಸಿಕೊಳ್ಳುವ ಗಿರಾಕಿಯಂತೆ ಹೋಲಿಸಿ ನೋಡಿದ. ಬೆರಳಲ್ಲಿ ಬೋಳಿನ ಅಗಲ ಅಳೆದ.

"ಅಳತೆ ಸರಿಯಾಗಿದೆ. ನನ್ನದಕ್ಕೆ ಮಾತ್ರ ಯಾಕೆ ಮೋಟು ಹಲಗೆ?"

"ನಿಮಗೆ ಕುತ್ತಿಗೆ ಇಲ್ಲ ಭಾವ. ಬೇರೆ ಹಲಗೆಗಾದ್ರೆ ಕೆಳಗೆ ಜಾಗ ಉಳೀತಿತ್ತು."

ಮೌನಿ ತಮಾಷೆ ಮಾಡಿದ್ದನ್ನು ಭಾವ ಅದೇ ಮೊದಲು ಕೇಳಿದ್ದು. ನಗು ತಡೆಯಲಾಗಲಿಲ್ಲ. ಸಿಟ್ಟು ಅಲ್ಲಿಗೆ ಇಳಿಯಿತು.

ಮರುದಿನ ಭಾವ ತಾನೇ ಒಂದು ಹಲಗೆ ತಂದ. ತೇಗದ್ದು, ಅಂಚು ದುಂಡಗೆ ತೀಡಿದ್ದು. "ನಿಮ್ಮಕ್ಕನದು ಬರಿ," ಎಂದ.

"ಅಕ್ಕನ ತಲೆಗೆ ನಾನು ಕತ್ತರಿ ಹಾಕಿಲ್ಲ. ಹಿಂದಿನಿಂದ ಗಮನಿಸೇ ಇಲ್ಲ. ಹೇಗಿದೆ ಹೇಳಿ."

"ಹೇಗಿದೆ ಅಂದ್ರೆ... ಜಡೆ ಇದೆ." ಭಾವ ಅಲ್ಲಿಗೆ ನಿಂತ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಏನೂ ಹೊಳೆಯಲಿಲ್ಲ. ಎದ್ದು ಮನೆಗೆ ನಡೆದ.

ಅಕ್ಕ ಒಲೆಯ ಮುಂದಿದ್ದಳು. ಗಂಡ ಬಂದು ಹಿಂದೆ ನಿಂತ. ಕಿವಿಯ ಹಿಂದಿದ್ದ ಪೆನ್ಸಿಲು ತೆಗೆದು ಪ್ಲೈವುಡ್ ಚೂರಿನ ಮೇಲೆ ಏನೋ ಗುರುತು ಹಾಕಿಕೊಳ್ಳತೊಡಗಿದ.

"ಏನ್ರೀ ಅದು?"

"ತಿರುಗಬೇಡ. ನಿನ್ನ ಕೆಲಸ ನೀನು ಮಾಡು."

"ನನಗೇನು ಬಾಗಿಲು ಕೂರಿಸ್ತೀರಾ?"

ಪ್ಲೈವುಡ್ ಚೂರಿನಲ್ಲಿ ಹೀಗಿತ್ತು: ಬಲಗಿವಿಯ ಹಿಂದೆ ಕಾಲಿಂಚಿನ ಮಚ್ಚೆ. ಜಡೆ ಎಡಕ್ಕೆ ವಾಲುತ್ತೆ. ಕುತ್ತಿಗೆಯ ಹತ್ತಿರ ಜಡೆಗೆ ಸಿಗದ ಗಿಡ್ಡ ಕೂದಲು, ಗುಂಗುರು. ಬಿಳಿ ಎಳೆ ಬಹಳ.

ಮೌನಿ ಅದನ್ನು ಎದುರಿಗಿಟ್ಟುಕೊಂಡು ಒಂದು ವಾರ ಬರೆದ. ಹಲಗೆಗಳೆಲ್ಲ ಅಂಗಡಿಯ ಗೋಡೆಗೆ ಸಾಲಾಗಿ ಏರಿದ ದಿನ ಅಕ್ಕ ನೋಡಲು ಬಂದಳು. ತನ್ನದರ ಮುಂದೆ ತುಂಬ ಹೊತ್ತು ನಿಂತಳು.

"ಮಚ್ಚೆ ಇಷ್ಟು ದೊಡ್ಡದಿಲ್ಲ," ಎಂದಳು ಕೊನೆಗೆ.

"ನೀನು ಯಾವಾಗ ನೋಡಿದ್ದೆ?" ಎಂದ ಭಾವ.

ನೀನಾದರೂ ಹೇಳು ಎಂಬಂತೆ ಅಕ್ಕ ತಮ್ಮನ ಕಡೆ ತಿರುಗಿದಳು. ಮೌನಿ "ಹೂಂ" ಅಂದ.