ಕಮಲಾಪುರದಲ್ಲಿ ಬಿಟ್ಟುಬಂದ ಗಾಡಿ

ವಿವೇಕಾನಂದನ ಗಾಡಿ ನೋಡಿದವರು ಅದು ಏಳು ವರ್ಷ ಓಡಿದ್ದು ಎಂದರೆ ನಂಬುತ್ತಿರಲಿಲ್ಲ. ಏಳು ಸೀಟಿನ ದೊಡ್ಡ ಬಿಳಿ ಎಸ್‌ಯುವಿ. ಕಲಬುರಗಿ ಹತ್ತಿರದ ಕಪನೂರದಲ್ಲಿ ಬೇಳೆ ಮಿಲ್ಲುಗಳಿಗೆ ಜರಡಿ ತಯಾರಿಸುವ ಸಣ್ಣ ಕಾರ್ಖಾನೆ ಅವನದು. ಅಲ್ಲಿಯ ಧೂಳು ಗಾಡಿಯ ಒಳಗೆ ಸೇರದಂತೆ ಕಾಯುತ್ತಿದ್ದ. ರವಿವಾರ ಕುಸನೂರಿನ ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡು ತಾನೇ ತೊಳೆಯುತ್ತಿದ್ದ. ಅದನ್ನು ಬೇರೆಯವರು ಮುಟ್ಟಿದರೆ ಅವನಿಗೆ ಸಮಾಧಾನವಿಲ್ಲ. ಗಾಡಿ ಬಂದ ಹೊಸದರಲ್ಲಿ ಹೆಂಡತಿ ಅಂಜನಾ ತಾನೂ ಓಡಿಸಲು ಕಲಿಯುತ್ತೇನೆ ಎಂದು ಕೇಳಿದ್ದಳು. ಇಷ್ಟು ದೊಡ್ಡದು ನಿನ್ನ ಕೈಗೆ ನಿಲ್ಲುವುದಿಲ್ಲ, ಎಲ್ಲಾದರೂ ಉಜ್ಜಿಸಿಕೊಂಡು ಬರುತ್ತೀ ಎಂದು ಅವನು ನಕ್ಕಿದ್ದ. ಅವಳೂ ನಕ್ಕು ಸುಮ್ಮನಾಗಿದ್ದಳು.

ಚಷ್ಮಾದ ನಂಬರು ಬದಲಾಗಿರಬೇಕು ಎಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ವಿಷಯ ತಿಳಿಯಿತು. ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಒಳಗೊಳಗೇ ಎರಡೂ ಕಣ್ಣುಗಳ ಪಕ್ಕದ ನೋಟವನ್ನು ತಿಂದುಹಾಕಿತ್ತು. ಎದುರಿಗೆ ನೇರವಾಗಿ ಇದ್ದದ್ದು ಮಾತ್ರ ಕಾಣುತ್ತಿತ್ತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಹನಿ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಇನ್ನು ಮುಂದೆ ಗಾಡಿ ಓಡಿಸಲೇಬಾರದು ಎಂದೂ ಹೇಳಿದರು.

ಅಂದು ಗಾಡಿಯನ್ನು ಮನೆಗೆ ತಂದವನು ಕಾರ್ಖಾನೆಯ ಟೆಂಪೋ ಓಡಿಸುವ ಮಾಣಿಕಪ್ಪ. ಮುಂದೆಯೂ ಅವನೇ ಓಡಿಸಲಿ ಎಂದಾಯಿತು. ಆದರೆ ಪಕ್ಕದಲ್ಲಿ ಕೂತ ವಿವೇಕಾನಂದ ಪ್ರತಿ ಗೇರಿಗೂ, ಪ್ರತಿ ಬ್ರೇಕಿಗೂ ತಪ್ಪು ಹುಡುಕುತ್ತಿದ್ದ. ವಾರ ತುಂಬುವ ಮೊದಲೇ ಮಾಣಿಕಪ್ಪ ಕೀಲಿಯನ್ನು ಮೇಜಿನ ಮೇಲಿಟ್ಟು, ತನಗೆ ಟೆಂಪೋನೇ ಸಾಕು ಎಂದು ಕೈಮುಗಿದ.

ಆ ಸಂಜೆ ಅಂಜನಾ ಮತ್ತೆ ಕೇಳಿದಳು. ಅವಳು ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು.

"ನಾ ಕಲೀತೀನ್ರಿ. ಸಾಲಿ ಬಿಟ್ಟ ಮ್ಯಾಲ ದಿನಾ ಒಂದು ತಾಸು ಹೋದ್ರ ಬರ್ತದ. ನಿಮ್ಮನ್ನ ಕಪನೂರಕ್ಕ ನಾನೇ ಬಿಟ್ಟು ಬರ್ತೀನಿ."

ಅವನು ಮೇಜಿನ ಮೇಲಿದ್ದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಹೆಂಡ್ತಿ ಗಾಡಿ ಹೊಡೀಲಿ, ನಾ ಬಾಜೂಕ ಕೂಸಿನಂಗ ಕುಂತು ಕಾರ್ಖಾನಿಗೆ ಹೋಗ್ಲೇನು? ಮಾರಿಬಿಡ್ತೀನಿ ಅದನ್ನ."

ಮಾರನೆಯ ದಿನ ಗಾಡಿಯ ಫೋಟೋ ಮೊಬೈಲಿನಲ್ಲಿ ಹಾಕಿದ. ನೋಡಲು ಬಂದವರಲ್ಲಿ ಕಮಲಾಪುರದ ಇಮಾಮುದ್ದೀನ್ ಮನಸ್ಸು ಮಾಡಿದ. ಅವನದು ಅಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಹೆಂಡತಿ ಅಮೀನಾಗೆ ಮೊಣಕಾಲು ನೋವು, ಇಷ್ಟು ಎತ್ತರದ ಗಾಡಿ ಹತ್ತಿ ಇಳಿಯಲು ಆಗುತ್ತದೋ ಇಲ್ಲವೋ ನೋಡಬೇಕು, ಒಮ್ಮೆ ಊರಿಗೆ ತರಬಹುದೇ ಎಂದು ಕೇಳಿದ. ವಿವೇಕಾನಂದ ಒಪ್ಪಿಕೊಂಡ.

ತಾನೇ ಓಡಿಸುತ್ತೇನೆ ಎಂದು ಅವನು ಹಟ ಹಿಡಿದ. ಹಾಡುಹಗಲು, ನೇರ ರಸ್ತೆ, ಇದೊಂದೇ ಸಲ. ಮಾಣಿಕಪ್ಪನನ್ನು ಕರೆಯೋಣ ಎಂದು ಅಂಜನಾ ಅಂಗಲಾಚಿದಳು. ಅವನು ಆಗಲೇ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ಕೈಯಲ್ಲಿದ್ದ ಕೀಲಿ ಕಿತ್ತುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಒಬ್ಬನನ್ನೇ ಕಳಿಸುವುದಕ್ಕಿಂತ ಜೊತೆಗೆ ಇರುವುದು ಮೇಲು ಎಂದು ಹತ್ತಿದಳು.

ಹುಮನಾಬಾದ ರಸ್ತೆ ಹಿಡಿದರು. ಅಂಜನಾ ಕಣ್ಣು ಮಿಟುಕಿಸದೆ ಹೇಳುತ್ತ ಹೋದಳು. ಎಡಕ್ಕೆ ಸೈಕಲ್. ಬಲಕ್ಕೆ ಲಾರಿ ಮುಂದಾಗುತ್ತಿದೆ. ಮುಂದೆ ಕುರಿ. ಅವನು ಅವಳು ಹೇಳಿದಂತೆ ನಿಧಾನಿಸುತ್ತಿದ್ದ, ಸರಿಯುತ್ತಿದ್ದ. ಕಪನೂರ ದಾಟಿ ಬಯಲು ಬಂದ ಮೇಲೆ ಅವನ ಹೆಗಲು ಸಡಿಲವಾಯಿತು. ಎಂಜಿನ್ನಿನ ಸದ್ದು ಹೇಗಿದೆ ಕೇಳು, ಹೊಸದಕ್ಕೂ ಇಷ್ಟು ಮೆತ್ತಗಿರುವುದಿಲ್ಲ ಎಂದ. ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡು ಅವಳಿಗೆ ಅಳು ಬಂತು.

ಕಮಲಾಪುರ ಹತ್ತಿರವಾದಾಗ ಅವಳ ಫೋನು ರಿಂಗಾಯಿತು. ಇಮಾಮುದ್ದೀನನೇ ಇರಬೇಕೆಂದು ಅವಳು ತಲೆ ಬಗ್ಗಿಸಿ ಚೀಲದೊಳಗೆ ಕೈ ಹಾಕಿದಳು. ತಲೆ ಎತ್ತಿದಾಗ ಎಡಗಡೆಯಿಂದ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಅಂಜನಾ ಕಿರುಚಿದಳು. ಗಾಡಿ ಚೀರಿ ನಿಂತಿತು. ಹೊರೆ ಬಾನೆಟ್ಟಿನ ಮೇಲೆ ಬಿದ್ದು ಬಿಚ್ಚಿಹೋಯಿತು. ಹೆಂಗಸು ಬಾನೆಟ್ಟಿಗೆ ಎರಡೂ ಕೈ ಊರಿ ನಿಂತಿದ್ದಳು. ಏಟು ಬಿದ್ದಿರಲಿಲ್ಲ.

ಅಂಜನಾ ಇಳಿದು ಓಡಿ ಮೇವು ಕೂಡಿಸಿ ಕಟ್ಟಿಕೊಟ್ಟಳು, ಕೈಮುಗಿದಳು. ಹೆಂಗಸು ಗಾಡಿಯೊಳಗಿದ್ದವನನ್ನು ನೋಡಿ, ಕಣ್ಣು ಎಲ್ಲಿ ಇಟ್ಟಿದ್ದೆ ಎಂದು ಕೇಳಿ, ಹೊರೆ ತಲೆಗೇರಿಸಿಕೊಂಡು ಹೋದಳು.

ಅಂಜನಾ ಒಳಗೆ ಬಂದಾಗ ಅವನು ಇನ್ನೂ ಬ್ರೇಕು ಒತ್ತಿಕೊಂಡೇ ಇದ್ದ.

"ಎಲ್ಲಿಂದ ಬಂದ್ಳು ಆಕಿ?"

"ಆಗಿಂದ ಅಲ್ಲೇ ಇದ್ಳು. ರೋಡ್ ದಾಟಾಕತ್ತಿದ್ಳು."

ಅವನು ಎಂಜಿನ್ ಆರಿಸಿದ. ಮುಂದೆ ಹೋಗಲು ಅವನಿಂದ ಆಗಲಿಲ್ಲ. ಅಂಜನಾಳೇ ಇಮಾಮುದ್ದೀನನಿಗೆ ಫೋನು ಮಾಡಿ, ಇವರಿಗೆ ತಲೆ ಸುತ್ತುತ್ತಿದೆ, ನೀವೇ ಬನ್ನಿ ಎಂದಳು. ಅವನು ಮಗಳು ಅಲ್ಫಿಯಾಳ ಸ್ಕೂಟಿಯ ಹಿಂದೆ ಕೂತು ಬಂದ. ಅಲ್ಫಿಯಾ ಕಲಬುರಗಿಯಲ್ಲಿ ಓದು ಮುಗಿಸಿ ಅಂಗಡಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಹುಡುಗಿ. ಸ್ಕೂಟಿಯನ್ನು ತಂದೆಯ ಕೈಗೆ ಕೊಟ್ಟು, ದುಪಟ್ಟಾ ಸರಿಮಾಡಿಕೊಂಡು ಸ್ಟೇರಿಂಗಿಗೆ ಕೂತಳು. ವಿವೇಕಾನಂದ, ಅಂಜನಾ ಹಿಂದೆ ಕೂತರು. ಹುಡುಗಿ ಅವಸರವಿಲ್ಲದೆ ಸಲೀಸಾಗಿ ಓಡಿಸಿದಳು. ಮಾಣಿಕಪ್ಪನ ಪ್ರತಿ ಗೇರಿಗೂ ತಪ್ಪು ಹುಡುಕಿದವನು ಈಗ ಒಂದು ಮಾತೂ ಆಡಲಿಲ್ಲ.

ಮನೆ ಮುಂದೆ ಅಮೀನಾ ಹಿಡಿಕೆ ಹಿಡಿದು ಹತ್ತಿ, ಇಳಿದು, ಆಗುತ್ತದೆ ಎಂದು ತಲೆಯಾಡಿಸಿದರು. ಇಮಾಮುದ್ದೀನ್ ಮಾತ್ರ ಗಾಡಿಯ ಸುತ್ತ ಮತ್ತೆ ಮತ್ತೆ ತಿರುಗಿದ. ಬಾಗಿ ಅಡಿಗೆ ನೋಡಿದ. ಕೊನೆಗೆ ಚಹಾ ಕುಡಿಯುವಾಗ ಸಂಕೋಚದಿಂದಲೇ ಕೇಳಿದ.

"ಖರೇ ಹೇಳ್ರಿ ಸಾವಕಾರ್ರ. ಇಷ್ಟು ಛಲೋ ಇಟ್ಟ ಗಾಡಿ ಯಾರರ ಮಾರ್ತಾರೇನ್ರಿ? ಒಳಗೇನೋ ಕೆಟ್ಟದಂತ ನನಗ ಅನುಮಾನ ಬರಾಕತ್ತದ."

ವಿವೇಕಾನಂದ ಚಹಾದ ಬಸಿ ಕೆಳಗಿಟ್ಟ. "ಗಾಡ್ಯಾಗ ಏನೂ ಕೆಟ್ಟಿಲ್ಲರಿ. ನನಗ ಕಣ್ಣು ಕಾಣಂಗಿಲ್ಲ."

ಆ ಮಾತನ್ನು ಅವನು ಹೆಂಡತಿಯ ಮುಂದೆಯೂ ಎಂದೂ ಆಡಿರಲಿಲ್ಲ. ಇಮಾಮುದ್ದೀನ್ ತಲೆ ತಗ್ಗಿಸಿದ. ಇನ್ನೊಮ್ಮೆ ನೋಡುವ ಮಾತಿಲ್ಲ, ಖಂಡಿತ ತೆಗೆದುಕೊಳ್ಳುತ್ತೇನೆ ಎಂದ. ಅಲ್ಫಿಯಾ ಅಂಜನಾಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಆಂಟಿ, ನೀವು ಹೊಡೀಬಹುದಿತ್ತಲ್ರಿ?"

ಅಂಜನಾ ಗಂಡನನ್ನು ನೋಡಿದಳು. ಉತ್ತರ ಅವನೇ ಕೊಟ್ಟ.

"ಆಕಿ ಕಲೀಲಿಲ್ಲವ್ವ."

ಅಂಜನಾ ಉಳಿದ ಚಹಾ ಕುಡಿದಳು. ಗಾಡಿಯ ಕಾಗದಗಳಿಗೆ ಸಹಿ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಅಲ್ಫಿಯಾ ಕಲಬುರಗಿಯವರೆಗೆ ಬಿಟ್ಟುಬರುತ್ತೇನೆ ಎಂದಾಗ ವಿವೇಕಾನಂದ ಬೇಡವೆಂದ. ಇಬ್ಬರೂ ಬಸ್ಸಿಗೆ ನಿಂತರು. ಬಸ್ಸು ಬಂದಾಗ ಅವನಿಗೆ ಮೆಟ್ಟಿಲು ಕಾಣದೆ ಕಾಲು ಗಾಳಿಯಲ್ಲಿ ತಡಕಾಡಿತು. ಅವಳು ತೋಳು ಹಿಡಿದಳು. ಅವನು ಕೊಡವಿಕೊಂಡ. ಎರಡನೆಯ ಸಲ ಅವಳು ಹಿಡಿಯಲಿಲ್ಲ. ಹಿಂದಿದ್ದ ಯಾರೋ ಅವನನ್ನು ಮೇಲೆ ತಳ್ಳಿದರು.

ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ನಾ ಕಲೀಲಿಲ್ಲಂತ ಯಾಕಂದ್ರಿ?"

ಅವನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಕೇಳಿಸಿತೋ ಇಲ್ಲವೋ, ಕಪನೂರ ಬಂದು ಹೋಯಿತು. ಅವನು ತಿರುಗಲಿಲ್ಲ.

ಆಮೇಲೆ ಕೆಲವು ತಿಂಗಳು ಅವನು ಆಟೋದಲ್ಲಿ ಕಾರ್ಖಾನೆಗೆ ಹೋಗಿಬಂದ. ಮಳೆಗಾಲದಲ್ಲಿ ಒಮ್ಮೆ ರಸ್ತೆ ಬದಿಯ ಚರಂಡಿಯಲ್ಲಿ ಬಿದ್ದ. ಜನ ಎತ್ತಿ ಮನೆಗೆ ತಂದುಬಿಟ್ಟರು. ಅಂದಿನಿಂದ ಹೋಗುವುದನ್ನು ನಿಲ್ಲಿಸಿ ಕಾರ್ಖಾನೆಯನ್ನು ಮೇಸ್ತ್ರಿ ಮಾಪಣ್ಣನಿಗೆ ಬಿಟ್ಟ. ಅಂಜನಾ ಶಾಲೆಗೆ ಹೋಗುವ ಮುನ್ನ ಹನಿ ಹಾಕುತ್ತಿದ್ದಳು. ಅವನು ಮುಖ ಮೇಲೆತ್ತಿ ಕೂರುತ್ತಿದ್ದ, ಹನಿ ಬಿದ್ದೊಡನೆ ಎದ್ದು ಒಳಗೆ ಹೋಗುತ್ತಿದ್ದ. ಅವರ ನಡುವೆ ಉಳಿದದ್ದು ಅಷ್ಟೇ. ಮನೆಗೆ ಬಂದವರು ಗಾಡಿ ಎಲ್ಲಿ ಎಂದು ಕೇಳಿದರೆ, ಹೊಸದಕ್ಕೆ ಬುಕ್ ಮಾಡಿದ್ದೇನೆ ಎನ್ನುತ್ತಿದ್ದ. ಅಂಜನಾ ಹಾಗೆಂದವನ ಮುಖ ನೋಡದೆ ಚಹಾ ತರಲು ಎದ್ದುಹೋಗುತ್ತಿದ್ದಳು.

ಒಂದು ಸಂಜೆ ಅವಳು ಬಟ್ಟೆ ತೆಗೆಯುತ್ತಿದ್ದಾಗ ನೆರೆಮನೆಯ ಲಲಿತಾಬಾಯಿ ಕಾಂಪೌಂಡಿನ ಆಚೆಯಿಂದ, ಹೊಸ ಗಾಡಿ ಯಾವಾಗ ಬರುತ್ತದೆ ಎಂದು ವಿಚಾರಿಸಿದರು. ಒಳಗೆ ಏನೋ ಉರುಳಿ ಬಿದ್ದ ಸದ್ದಾಯಿತು. ಅವನು ಗೋಡೆ ಹಿಡಿದು ನಡೆಯುವುದು ಕೇಳಿಸಿತು, ನಿಂತದ್ದೂ ಕೇಳಿಸಿತು. ಉತ್ತರಕ್ಕಾಗಿ ಅವನೂ ಕಾಯುತ್ತಿದ್ದ.

"ದೀಪಾವಳಿಗೆ ಬರ್ತದಂತರಿ," ಎಂದಳು ಅಂಜನಾ. ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಳು. ಒಳಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.