ಸಾಣೆ ಹಿಡಿದ ಸಾಯ್

ನಿಟ್ಟುವಳ್ಳಿಯ ಶಾಂತಕುಮಾರಿಗೆ ತನ್ನ ಸಾಯ್ ಕದ್ದವರು ಯಾರೆಂದು ಬಹಳ ಯೋಚಿಸಬೇಕಾಗಲಿಲ್ಲ. ಭಾನುವಾರದ ಕರಾಟೆ ಕ್ಲಾಸ್ ಮುಗಿಸಿ ಮನೆಗೆ ಬಂದು ಚೀಲ ಬಿಚ್ಚಿದರೆ ಬಿಳಿ ಉಡುಪಿತ್ತು, ನೀರಿನ ಬಾಟಲಿಯಿತ್ತು, ಸಾಯ್ ಎರಡೂ ಇರಲಿಲ್ಲ. ಕ್ಲಾಸಿನ ಹಾಲ್‌ನಲ್ಲಿ ಅವಳ ಚೀಲಕ್ಕೆ ಒತ್ತಿಕೊಂಡು ಇದ್ದದ್ದು ಗುಲ್ಷನ್‌ಳ ಚೀಲ. ಅಂದು ಯಾರಿಗೂ ಹೇಳದೆ ಮೊದಲು ಹೊರಟವಳೂ ಅವಳೇ.

ಸಾಯ್ ಎಂದರೆ ಜಪಾನಿನ ಓಕಿನಾವಾ ದ್ವೀಪದ ಆಯುಧ. ಮೊಳದುದ್ದದ ಕಬ್ಬಿಣದ ಸರಳು, ಹಿಡಿಕೆಯ ಹತ್ತಿರ ಎರಡು ಕಡೆ ಕೊಂಬಿನಂತೆ ಬಾಗಿದ ಮುಳ್ಳು. ಅಲಗಿಲ್ಲ, ಅಭ್ಯಾಸದ ಸಾಯ್‌ಗೆ ತುದಿಯೂ ಮೊಂಡು. ಎದುರಾಳಿಯ ಕೋಲನ್ನು ಆ ಕೊಂಬಿನಲ್ಲಿ ಸಿಕ್ಕಿಸಿ, ಇನ್ನೊಂದು ಕೈಯ ಸಾಯ್ ಅನ್ನು ಅವರ ಗಂಟಲ ಹತ್ತಿರ ತಂದು ನಿಲ್ಲಿಸಬೇಕು. ಬಕ್ಕೇಶ್ ಸರ್ ಕರಾಟೆಯ ಜೊತೆಗೆ ಇದನ್ನೂ ಕಲಿಸುತ್ತಿದ್ದರು. ಮಗಳು ಪೂಜಾಳನ್ನು ಕ್ಲಾಸಿಗೆ ಬಿಡಲು ಬರುತ್ತಿದ್ದ ಶಾಂತಕುಮಾರಿ ಒಂದು ದಿನ ತಾನೂ ಸಾಲಿನಲ್ಲಿ ನಿಂತಳು. ಪೂಜಾ ಮದುವೆಯಾಗಿ ಹೋದಳು, ತಾಯಿ ಬಿಡಲಿಲ್ಲ.

"ಹೆಸರೇ ಸಾಯ್ ಅಂತ ಐತೆ. ಬೇರೆ ಏನೂ ಸಿಗ್ಲಿಲ್ಲೇನು ನಿನಗ?" ಎಂದು ಬೀಜದ ಅಂಗಡಿ ಇಟ್ಟಿದ್ದ ಗಂಡ ಕಲ್ಲೇಶಪ್ಪ ನಗುತ್ತಿದ್ದ.

ಗುಲ್ಷನ್ ಹರಿಹರದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಭಾನುವಾರ ಬಸ್ಸಿನಲ್ಲಿ ಬಂದು ಹೋಗುವವಳು. ವಯಸ್ಸಿನಲ್ಲಿ ಹತ್ತಿರದವರು ಬೇರೆ ಯಾರೂ ಇಲ್ಲದ್ದರಿಂದ ಇಬ್ಬರೂ ಜೋಡಿಯಾದರು. ಗುಲ್ಷನ್ ಕೋಲು ಬೀಸಿದರೆ ಶಾಂತಕುಮಾರಿ ಸಾಯ್‌ನಿಂದ ಹಿಡಿಯುತ್ತಿದ್ದಳು. ಆದರೆ ಹರಿಹರದ ಒಂದು ಶಾಲೆಯ ಕಾರ್ಯಕ್ರಮದಲ್ಲಿ ಒಬ್ಬಳೇ ಪ್ರದರ್ಶನ ಕೊಡಲು ಸರ್ ಗುಲ್ಷನ್‌ಳನ್ನು ಆರಿಸಿದಾಗ ಶಾಂತಕುಮಾರಿಗೆ ತಡೆಯಲಾಗಲಿಲ್ಲ.

"ಕೈ ಹಿಡಿದು ತಿದ್ದಿದೋಳು ನಾನು, ಸ್ಟೇಜ್ ಹತ್ತೋಳು ನೀನು. ಇರ್ಲಿ, ನೋಡ್ಕೊಂತೀನಿ," ಎಂದು ಎಲ್ಲರೆದುರು ಅಂದುಬಿಟ್ಟಳು. ಅದಾದ ಮುಂದಿನ ಭಾನುವಾರವೇ ಸಾಯ್ ಕಾಣೆಯಾದದ್ದು.

ಎರಡು ದಿನ ಫೋನ್ ಮಾಡಿದಳು. ಗುಲ್ಷನ್ ಎತ್ತಲಿಲ್ಲ. "ನಾ ಮೊದ್ಲೇ ಹೇಳಿದ್ದೆ," ಎಂದ ಕಲ್ಲೇಶಪ್ಪ. ಏನು ಹೇಳಿದ್ದ ಎಂದು ಅವಳು ಕೇಳಲಿಲ್ಲ. ಬುಧವಾರ ಅಡಿಗೆ ಮುಗಿಸಿ ಹರಿಹರದ ಬಸ್ ಹತ್ತಿದಳು. ದಾರಿಯುದ್ದಕ್ಕೂ ಗುಲ್ಷನ್‌ಳ ಒಂದೊಂದು ಮಾತೂ ಬೇರೆಯಾಗಿ ಕೇಳಿಸತೊಡಗಿತು. 'ನಿಮ್ಮ ಸಾಯ್ ಬಾಳ ಚಂದ ಅದಾವು ಅಕ್ಕ' ಅಂದಿದ್ದಳಲ್ಲ? ಕಣ್ಣು ಆವಾಗಲೇ ಇತ್ತೇನೋ.

ಬಾಗಿಲು ತೆರೆದ ಗುಲ್ಷನ್ ಗಾಬರಿಯಾಗಲಿಲ್ಲ, "ಬರ್ರಿ" ಎನ್ನಲೂ ಇಲ್ಲ. ಅವಳ ಕಣ್ಣು ಮೊದಲು ಶಾಂತಕುಮಾರಿಯ ಕೈಗಳ ಮೇಲೆ ಹೋಯಿತು.

"ನನ್ನ ಸಾಮಾನು ನಿನ್ನ ಹತ್ರ ಅದಾವಾ?"

"ಅದಾವು."

ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಕಂಡು ಶಾಂತಕುಮಾರಿಗೆ ಇನ್ನಷ್ಟು ಸಿಟ್ಟು ಬಂತು. ಗುಲ್ಷನ್ ಹೊಲಿಗೆ ಯಂತ್ರದ ಹಿಂದಿನಿಂದ ಹಳೆಯ ಬಟ್ಟೆಯ ಗಂಟು ತಂದು ನೆಲದ ಮೇಲೆ ಬಿಚ್ಚಿದಳು.

"ತುದಿ ಮುಟ್ಟಿ ನೋಡ್ರಿ."

ಶಾಂತಕುಮಾರಿ ಬೆರಳಿಟ್ಟಳು, ಚುರ್ ಎಂದಿತು. ಎರಡಕ್ಕೂ ಸಾಣೆ ಹಿಡಿಸಲಾಗಿತ್ತು. ಗುಲ್ಷನ್ ಕುತ್ತಿಗೆಯ ಮೇಲಿನ ದುಪಟ್ಟಾ ಸರಿಸಿದಳು. ಗಂಟಲ ಕೆಳಗೆ ಒಂದು ಗೀರು ಒಣಗಿ ಕಪ್ಪಾಗಿತ್ತು.

"ಯಾವಾಗ ಆಯ್ತಿದು?"

"ಭಾನುವಾರ. ನಾ ಒಂದು ಹೆಜ್ಜಿ ಹಿಂದಕ್ಕೆ ಸರೀಲಿಲ್ಲ ಅಂದಿದ್ರ ಒಳಗೇ ಹೋಗ್ತಿತ್ತು."

"ನಾ ನೋಡ್ಲೇ ಇಲ್ಲ. ಸಿಟ್ಟಿನಾಗಿದ್ದೆ, ಹಂಗೇ ತೆಗೆದು ಹಿಡ್ಕಂಡೆ."

"ಸಿಟ್ಟಿನಾಗಿದ್ರಿ, ಅದು ಗೊತ್ತಿತ್ತು."

ಶಾಂತಕುಮಾರಿಗೆ ಈಗ ಅರ್ಥವಾಯಿತು. "ನಾನು ಬೇಕಂತ ಮಾಡ್ಸಿದೆ ಅನ್ಕಂಡ್ಯಾ? ಬಾಯಿ ಬಿಟ್ಟು ಕೇಳಬಾರ್ದಾ?"

"ಕೇಳಿದ್ ಮ್ಯಾಲೆ ನೀವು ಹೌದು ಅಂದಿದ್ರ ನಾ ಏನು ಮಾಡ್ಲಿ ಅಕ್ಕ? ಸರ್‌ಗೆ ಹೇಳಿದ್ರ ನಿಮ್ಮನ್ನ ಕ್ಲಾಸಿಂದ ತೆಗೀತಿದ್ರು. ಅದಕ್ಕ ತಗಂಡು ಬಂದೆ."

"ನಾ ಅಂಥೋಳಾ?"

"ನಾ ಕಳ್ಳಿ ಅಂತ ಹುಡಿಕ್ಕಂಡು ಬಂದ್ರಲ್ಲ, ನಾ ಅಂಥೋಳಾ?"

ಗುಲ್ಷನ್ ನೀರು ಕೊಟ್ಟಳು, ಅವಳು ಕುಡಿದಳು. ಸಾಯ್ ತೆಗೆದುಕೊಂಡು ಹೊರಟಾಗ ಮುಂದಿನ ಭಾನುವಾರ ಕ್ಲಾಸಿಗೆ ಬರುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮನೆಯಲ್ಲಿ ಇರುವವರು ಇಬ್ಬರೇ. ಊಟಕ್ಕೆ ಬಂದ ಕಲ್ಲೇಶಪ್ಪನ ತಟ್ಟೆಯ ಪಕ್ಕ ಸಾಯ್ ಇಟ್ಟಳು.

"ಇದನ್ನ ಯಾರು ಸಾಣೆ ಹಿಡಿಸಿದ್ದು ರೀ?"

"ನಾನೇ. ಮೊಂಡು ಕಬ್ಬಿಣ ಇಟ್ಕಂಡು ಏನ್ ಮಾಡ್ತೀ? ಗಿಡ್ಡಪ್ಪನ ಕುಲುಮಿಗೆ ಕೊಟ್ಟಿದ್ದೆ," ಎಂದ ಅವನು ರೊಟ್ಟಿ ಮುರಿಯುತ್ತ.

"ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ದಿ. ಅವಳು ಆರಡಿ ಕೋಲು ಹಿಡ್ಕಂಡು ನಿನ್ನ ಮುಂದ ನಿಂತಿರ್ತಾಳ. ಅವರ ಪೈಕಿ ಯಾರ ಮನಸಿನಾಗ ಏನೈತೋ ಯಾರಿಗೆ ಗೊತ್ತು?"

"ಅವಳ ಮನಸಿನಾಗ ಏನಿತ್ತೋ ಬಿಡ್ರಿ. ನಿಮ್ಮ ಮನಸಿನಾಗ ಇದ್ದದ್ದು ಅವಳ ಗಂಟಲಿಗೆ ತಾಗೇತಿ."

ಅವಳು ಸಾಯ್ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ತುದಿಗಳನ್ನು ಉಜ್ಜುತ್ತ ಕುಳಿತಳು. ಆ ಅನುಮಾನ ಅವನೊಬ್ಬನದೇ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಕೂತು ತಾನು ಯೋಚಿಸಿದ್ದೂ ಹೆಚ್ಚು ಬೇರೆಯಾಗಿರಲಿಲ್ಲ. ತೋಳು ಸೋಲುವವರೆಗೂ ಉಜ್ಜಿದಳು.

ಭಾನುವಾರ ಗುಲ್ಷನ್ ಬರುತ್ತಾಳೆಂಬ ನಂಬಿಕೆ ಅವಳಿಗಿರಲಿಲ್ಲ. ಆದರೆ ಗುಲ್ಷನ್ ಬಂದು ಮೂಲೆಯಲ್ಲಿ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದಳು. ಶಾಂತಕುಮಾರಿ ಹತ್ತಿರ ಹೋದಳು.

"ನಮ್ಮನೆಯೋರು ಸಾಣೆ ಹಿಡಿಸಿದ್ದು. ನನಗೆ ಗೊತ್ತಿರ್ಲಿಲ್ಲ."

"ಯಾಕ ಹಿಡಿಸಿದ್ರು?"

ಗಂಡಸರಿಗೆ ಆಯುಧ ಅಂದರೆ ಚೂಪು ಇರಬೇಕು ಅಂತ, ಎಂದು ಹೇಳಿ ಮುಗಿಸಬಹುದಿತ್ತು. ಅದನ್ನೇ ಹೇಳಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡೂ ಬಂದಿದ್ದಳು.

"ನಿನ್ನ ಮ್ಯಾಲೆ ನಂಬಿಕಿ ಇಲ್ಲದ್ದಕ್ಕ," ಎಂದಳು.

ಗುಲ್ಷನ್ ಬೆಲ್ಟಿನ ಗಂಟು ಬಿಗಿದಳು. ಬಕ್ಕೇಶ್ ಸರ್ ಜೋಡಿಗಳಾಗಿ ನಿಲ್ಲಲು ಕೂಗಿದರು. ಹಾಲ್‌ನಲ್ಲಿ ಎಲ್ಲರೂ ಜಾಗ ಹಿಡಿಯುತ್ತಿದ್ದರು. ಶಾಂತಕುಮಾರಿ ಎರಡೂ ಸಾಯ್‌ಗಳನ್ನು ಹಿಡಿಕೆ ತನ್ನ ಕಡೆ, ತುದಿ ಅವಳ ಕಡೆ ಮಾಡಿ ಅಂಗೈ ಮೇಲೆ ಚಾಚಿದಳು. ಗುಲ್ಷನ್ ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಎರಡನೆಯದನ್ನು ಇನ್ನೊಮ್ಮೆ ಒತ್ತಿದಳು. ಆಮೇಲೆ ಗೋಡೆಗೆ ಒರಗಿಸಿದ್ದ ಕೋಲು ತಂದು ಎದುರಿಗೆ ನಿಂತಳು. ಮೊದಲಿಗಿಂತ ಒಂದು ಹೆಜ್ಜೆ ದೂರದಲ್ಲಿ.